ಕಲ್ಲುಕೊಡಲಿಗೆ ಬಣ್ಣ ಹೊಡೆಸಿದೆ

ಮನೆಗೆ ದೊಡ್ಡವರು ಬರ್ತಾರೆ ಅಂದ್ರೆ ನೀವೇನು ಮಾಡ್ತೀರಿ? ಕಸ ಹೊಡೀತೀರಿ, ನೆಲ ಒರೆಸ್ತೀರಿ, ಪುರುಸೊತ್ತಿದ್ದರೆ ಗೋಡೆಗೆ ಬಣ್ಣವನ್ನೂ ಹೊಡೆಸ್ತೀರಿ. ಹೋದ ವಾರ ನಾನೂ ಅದನ್ನೇ ಮಾಡಿಸಿದೆ. ಅವತ್ತಿನಿಂದ ಯಾರ ಮುಖವನ್ನೂ ನೆಟ್ಟಗೆ ನೋಡೋಕಾಗ್ತಿಲ್ಲ.

ನಾನಿರೋದು ಗದಗಿನಲ್ಲಿ. ಊರು ಮಾತ್ರ ಮುಂಡರಗಿ ಕಡೆಯದು, ಕಪ್ಪತಗುಡ್ಡದ ಬುಡದ ಸಣ್ಣ ಹಳ್ಳಿ. ಅಲ್ಲಿ ಹನುಮಪ್ಪನ ಗುಡಿ ಪಕ್ಕದ ಬೇವಿನ ಕಟ್ಟೆ ಮೇಲೆ ಅಂಗೈಯಗಲದ ಕರಿ ಕಲ್ಲುಗಳು ಸಾಲಾಗಿ ಕೂತಿವೆ. ಒಂದು ತುದಿ ದುಂಡು, ಇನ್ನೊಂದು ತುದಿ ಚೂಪು. ಹೊಲ ಉಳುವಾಗ ಸಿಕ್ಕವು. ಸಿಡಿಲಿನ ಜೊತೆ ಮುಗಿಲಿಂದ ಬಿದ್ದವು ಅಂತ ನಮ್ಮ ಹೆಣ್ಣುಮಕ್ಕಳು ಎಣ್ಣೆ, ಅರಿಷಿಣ ಹಚ್ಚಿ ಪೂಜೆ ಮಾಡ್ತಾರೆ.

ಅವು ಕಬ್ಬಿಣ ಕಾಣದ ಕಾಲದ ಜನ ಉಜ್ಜಿ ಉಜ್ಜಿ ಮಾಡಿಕೊಂಡ ಕೊಡಲಿಗಳು ಅಂತ ನಮಗೆ ಹೇಳಿದ್ದು ವತ್ಸಲಾ ಮೇಡಂ (ಇಲ್ಲಿ ಎಲ್ಲರ ಹೆಸರೂ ಬದಲಿಸಿದ್ದೇನೆ). ನಮ್ಮ ಕಡೆ ಪುರಾತತ್ವ ಅಂದ್ರೆ ಗುಡಿ ಮತ್ತು ಶಾಸನ, ಅಷ್ಟೇ. ಮೇಡಂ ಮಾತ್ರ ವಯಸ್ಸಿನಲ್ಲಿದ್ದಾಗಿನಿಂದ ಎರೆಹೊಲಗಳಲ್ಲಿ ತಲೆ ಬಗ್ಗಿಸಿ ಕಲ್ಲು ಹುಡುಕಿದವರು. ಈ ಕಲ್ಲುಗಳಿಂದ ಮರ ಕಡಿದಿದ್ದಲ್ಲ, ನೆಲ ಅಗೆದಿದ್ದು. ಅಂದರೆ ಇಲ್ಲಿನ ಬೇಸಾಯ ನಾವು ತಿಳಿದಿದ್ದಕ್ಕಿಂತ ಎಷ್ಟೋ ಹಳೇದು ಅನ್ನೋದು ಅವರ ವಾದ. ಅವರ ಶಿಷ್ಯರು ಈಗ ಎಲ್ಲೆಲ್ಲೋ ಪ್ರೊಫೆಸರುಗಳು. ಪರದೇಶದ ಕ್ಲಾಸುಗಳಲ್ಲೂ ಅವರ ಪುಸ್ತಕ ಓದಿಸ್ತಾರಂತೆ. ಒಪ್ಪದವರೂ ಇದ್ದಾರೆ. ಪುರಾವೆ ಎಲ್ಲಿದೆ ಅಂತ ಕೇಳ್ತಾರೆ.

ಮೇಡಂ ಈಗ ರಿಟೈರ್ಡ್. ಶಿಷ್ಯೆಯೊಬ್ಬಳ ಜೊತೆ ಹೊಸ ಮೈಕ್ರೋಸ್ಕೋಪ್ ತಂದು ಆ ಕಲ್ಲುಗಳನ್ನು ಇನ್ನೊಮ್ಮೆ ನೋಡಬೇಕು ಅಂತ ಫೋನ್ ಮಾಡಿದರು. ಹಾಗಾದ್ರೆ ಒಂದು ಸನ್ಮಾನ ಇಟ್ಟುಕೊಳ್ಳೋಣ ಅಂದೆ. ಬೇಡ ಅಂದರು. ನಾನು ಬಿಡಲಿಲ್ಲ (ನಾವು ಬಿಡ್ತೀವಾ?). ಎಲ್ಲಾ ರೆಡಿ ಮಾಡಿಸಿ ಇಡ್ತೀನಿ ಅಂತಲೂ ಹೇಳಿದೆ. ಏನು ರೆಡಿ ಆಗಬೇಕು ಅಂತ ಮಾತ್ರ ಕೇಳಲಿಲ್ಲ.

ಊರಿಗೆ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಬೆರಳು ದಪ್ಪ ಜಿಡ್ಡು. ಇದನ್ನು ಅಂಥ ದೊಡ್ಡವರಿಗೆ ತೋರಿಸೋದಾ? ದಿನಾ ಪೂಜೆ ಮಾಡುವ ಗಂಗವ್ವನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕು ಅಂದೆ. ಜಿಡ್ಡು ಬಗ್ಗಲಿಲ್ಲ. ತಂತಿ ಬ್ರಷ್ ಕೊಡಿಸಿದೆ. ಪಾಪ, ಆಕೆ ಇಡೀ ಮಧ್ಯಾಹ್ನ ಕೂತು ತಿಕ್ಕಿದಳು. ಬೆಟಗೇರಿಯಿಂದ ಕರಿ ಆಯಿಲ್ ಪೇಂಟ್ ತಂದವನೂ ನಾನೇ. ಕಲ್ಲುಗಳು ಮಿರಮಿರ ಮಿಂಚಿದವು. ಫೋಟೋ ತೆಗೆದು ಸ್ಟೇಟಸ್ ಬೇರೆ ಹಾಕಿಕೊಂಡೆ.

ಮೇಡಂ ಕಾರಿಳಿದು ಸೀದಾ ಕಟ್ಟೆಗೆ ಹೋದರು. ಒಂದು ಕಲ್ಲು ಎತ್ತಿಕೊಂಡು ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಕೆಳಗಿಟ್ಟು ಇನ್ನೊಂದು ತಗೊಂಡರು. ಆಮೇಲೆ ಮತ್ತೊಂದು. ಶಿಷ್ಯೆ ಮೈಕ್ರೋಸ್ಕೋಪಿನ ಪೆಟ್ಟಿಗೆ ತೆರೆಯಲೇ ಇಲ್ಲ.

"ಹ್ಯಾಂಗ ಕಾಣ್ತಾವ್ರಿ ಬಾಯಾರ?" ಗಂಗವ್ವ ಕೇಳಿದಳು.

"ಛಂದ ಕಾಣ್ತಾವವ್ವ," ಅಂದರು ಮೇಡಂ.

ನನ್ನನ್ನು ಮಾತ್ರ ಆಚೆ ಕರೆದರು. ಎಣ್ಣೆ, ಅರಿಷಿಣ ಇದ್ದರೆ ತೊಂದರೆ ಇರಲಿಲ್ಲವಂತೆ, ಕರಗಿಸಿ ತೆಗೆಯಬಹುದಿತ್ತಂತೆ. ಮಣ್ಣು ಅಗೆದಾಗ ಅಂಚಿಗೆ ಬೀಳುವ ಸಣ್ಣ ಗೀರುಗಳು ಆ ಜಿಡ್ಡಿನ ಕೆಳಗೇ ಭದ್ರವಾಗಿ ಉಳಿದಿದ್ದವಂತೆ. ಈಗ ಅಲ್ಲಿರೋದು ತಂತಿ ಬ್ರಷ್ಷಿನ ಗೀರು. ಬೇರೆ ಕಲ್ಲು ಸಿಗಲ್ವಾ ಅಂದೆ. ಮ್ಯೂಸಿಯಂನಲ್ಲಿರೋ ಕಲ್ಲುಗಳನ್ನು ಹಿಂದೆಯೇ ತೊಳೆದು ತಿಕ್ಕಿ ಇಟ್ಟಿದ್ದಾರಂತೆ. ಇವನ್ನೂ ಅಲ್ಲಿಗೆ ಸಾಗಿಸಿ ಅಂತ ಇಲಾಖೆಯ ಆಗಿನ ಸಾಹೇಬರು ಬೈದರೂ ಮೇಡಂ ಕೇಳಿರಲಿಲ್ಲ.

"ಪೂಜಾ ಮಾಡೋರ ಕೈಯಾಗ ಇದ್ರ ಛೊಲೋ ಇರ್ತಾವ ಅಂದಿದ್ದೆ," ಅಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಸದಿಯ ಕಂಬಕ್ಕೆ ಆಯಿಲ್ ಪೇಂಟ್, ಗುಡಿಯ ಹಾಸುಗಲ್ಲಿನ ಮೇಲೆ ಟೈಲ್ಸ್ ಅಂತ ಇದೇ ಅಂಕಣದಲ್ಲಿ ಎಷ್ಟು ಸಲ ಬೈದಿಲ್ಲ ನಾನು? ಯಾರಿಗೆ ಬೈದಿದ್ದೆ ಹಾಗಾದ್ರೆ?

ಸನ್ಮಾನ ನಡೆದೇ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಮೇಡಂ ಬದುಕಿನ ಸಾಧನೆ ಕುರಿತು ನಾನೇ ಮಾತಾಡಬೇಕಿತ್ತು. ಬರೆದುಕೊಂಡಿದ್ದನ್ನು ತಲೆ ಎತ್ತದೆ ಓದಿ ಕೂತೆ. ಮೇಡಂ ಎದ್ದು ಇಷ್ಟು ವರ್ಷ ಕಲ್ಲು ಕಾದ ಹೆಣ್ಣುಮಕ್ಕಳಿಗೆ ಕೈ ಮುಗಿದರು. ಜನ ಚಪ್ಪಾಳೆ ತಟ್ಟಿದರು. ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಡುವಾಗ ಕಾರಿನ ಹತ್ತಿರ ಹೋಗಿ, ಇನ್ನು ನಿಮ್ಮ ವಾದದ ಗತಿ ಏನು ಅಂತ ಕೇಳಿದೆ.

"ಪುರಾವೆ ಸಿಗಲಿಲ್ಲ ಅಂತ ಬರೀತೀನಿ," ಅಂದರು. "ಕಾರಣ ಬರಿಯೂದಿಲ್ಲ. ಬರದ್ರ ಆ ಹೆಣ್ಣುಮಗಳ ಮ್ಯಾಲೆ ಬರತೈತಿ."

ಬರಬೇಕಾದ್ದು ನನ್ನ ಮೇಲೆ. ಅದಕ್ಕೇ ಕಾರಣವನ್ನು ನಾನಿಲ್ಲಿ ಬರೆದಿದ್ದೇನೆ.