ಗುಂಡು, ಪಿನ್ನು ಮತ್ತು ಎರಡು ಸರಪಳಿ

ನಾವಿರುವುದು ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ, ಅಕ್ಕ ಇರುವುದು ಮೆಲ್ಬರ್ನಿನ ಟಾರ್ನೀಟ್‌ನಲ್ಲಿ. ಧಾರವಾಡದಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ಈಗ ಈಸ್ಟರ್ ರಜೆಯಲ್ಲಿ ನಡುದಾರಿಯ ಆಲ್ಬರಿ ಹತ್ತಿರ, ನದಿ ದಂಡೆಯಲ್ಲಿ ಟೆಂಟ್ ಹಾಕಿ ಸೇರುತ್ತೇವೆ. ಟೆಂಟು, ಒಲೆ, ಕುರ್ಚಿ ಎಂದು ಸಾಮಾನು ಬೆಳೆಯುತ್ತ ಹೋಗಿ ಮೊದಲು ಅಕ್ಕನ ಮನೆಯವರು ಕಾರಿನ ಹಿಂದೆ ಎಳೆಯಲು ಟ್ರೇಲರ್ ಕೊಂಡರು. ಮರುವರ್ಷ ನನಗೂ ಒಂದು ಬೇಕೆನಿಸಿತು. ನಮ್ಮವರಿಗೆ ಡ್ರೈವಿಂಗ್ ಅಷ್ಟಕ್ಕಷ್ಟೇ. ಉದ್ದದ ದಾರಿಯೆಲ್ಲ ನನ್ನದೇ.

ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಫೋನಿನಲ್ಲಿ ಬುದ್ಧಿ ಹೇಳಿದರು.

“ತಂಗಿ, ಗುಂಡಿನ ಮ್ಯಾಲೆ ಕೂಡೂದು ತಗೋಬ್ಯಾಡ. ಪಿನ್ ಇದ್ದದ್ದ ತಗೋ. ತೆಗ್ಗು ದಿಣ್ಣಿ ಏನ ಬಂದ್ರೂ ಎಲ್ಲಾ ಕಡೆ ತಿರಗತದ.”

“ನಾ ಹೋಗೂದು ಹೈವೇ ಮ್ಯಾಲೆ ಮಾಮಾ. ಒಬ್ಬಾಕೀನ ಜೋಡಿಸಬೇಕು. ಗುಂಡಿಂದ ಈಸಿ.”

ನಮ್ಮ ಜಗಳವೆಲ್ಲ ಕಾರಿಗೂ ಟ್ರೇಲರಿಗೂ ನಡುವಿನ ಆ ಗೇಣುದ್ದದ ಕಬ್ಬಿಣದ್ದು. ನನ್ನದರಲ್ಲಿ ಕಾರಿನ ಹಿಂದಿನ ಉಕ್ಕಿನ ಗುಂಡಿನ ಮೇಲೆ ಟ್ರೇಲರಿನ ಟೊಪ್ಪಿಗೆ ಕೂತು, ಒಂದು ಹಿಡಿಕೆ ಅದನ್ನು ಕಚ್ಚಿಕೊಳ್ಳುತ್ತದೆ. ಅವರದರಲ್ಲಿ ದಪ್ಪ ಪಿನ್ನೊಂದು ಎರಡನ್ನೂ ಹೊಲಿದಂತೆ ಹಿಡಿಯುತ್ತದೆ. ನನ್ನ ಸಣ್ಣ ಟ್ರೇಲರಿನ ಭಾರಕ್ಕೆ ಎರಡರ ಬಲವೂ ಬೇಕಾದಷ್ಟು. ಬ್ಲ್ಯಾಕ್‌ಟೌನ್‌ನಲ್ಲಿ ಸೆಕೆಂಡ್ ಹ್ಯಾಂಡ್‌ನದು ಸಿಕ್ಕಿತು, ಗುಂಡಿನದ್ದೇ ತಂದೆ.

ಹೈವೇ ಉದ್ದಕ್ಕೂ ಅದು ಹಿಂದಿದೆ ಎಂಬುದೇ ಮರೆಯುವಷ್ಟು ಸಲೀಸಾಗಿ ಬಂತು. ನದಿಗಿಳಿಯುವ ಮಣ್ಣುದಾರಿಯಲ್ಲಿ ಒಂದು ಆಳದ ತೆಗ್ಗಿತ್ತು. ನಿಧಾನವಾಗಿ ಇಳಿಸಿದೆ. ಕಾರು ಮೇಲೆ ಹತ್ತುವಾಗ ಹಿಂದೆ ‘ಠಣ್’ ಎಂದಿತು, ಆಮೇಲೆ ಏನೋ ಜಗ್ಗಿದಂತಾಯಿತು.

“ಅಮ್ಮಾ, ಸ್ಟಾಪ್. ಇಟ್ಸ್ ಕಮ್ ಆಫ್,” ಹಿಂದಿನ ಸೀಟಿನಲ್ಲಿ ತಿರುಗಿ ನೋಡುತ್ತ ಮಗಳು ಹೇಳಿದಳು.

ಇಳಿದು ನೋಡಿದರೆ ಟೊಪ್ಪಿಗೆ ಗುಂಡಿನಿಂದ ಕಳಚಿತ್ತು. ಆದರೆ ಟ್ರೇಲರಿನ ಮೂತಿ ನೆಲಕ್ಕೆ ಬಿದ್ದಿರಲಿಲ್ಲ. ಕೆಳಗೆ ಕತ್ತರಿಯಾಕಾರದಲ್ಲಿ ಹಾಕಿದ್ದ ಎರಡು ಸರಪಳಿಗಳು ಅದನ್ನು ತೊಟ್ಟಿಲಿನಂತೆ ಹೊತ್ತು ನಿಂತಿದ್ದವು. ಇದು ಹೈವೇಯಲ್ಲಿ ಆಗಿದ್ದರೆ ಎಂದು ಯೋಚಿಸುತ್ತ ಅಲ್ಲೇ ಹುಲ್ಲಿನ ಮೇಲೆ ಕೂತೆ. ಮಗಳು ಬಂದು ಮೈಗೆ ಆತು ಕೂತಳು.

ದಂಡೆಯಿಂದ ಮಾಮಾ ಓಡಿ ಬಂದರು. ‘ನಾ ಹೇಳಿರಲಿಲ್ಲೇನು’ ಎನ್ನುತ್ತಾರೆಂದು ಕಾದೆ. ಅವರು ನೀರು ಕೊಟ್ಟು, ಮಂಡಿಯೂರಿ ಗುಂಡಿನ ಗ್ರೀಸ್ ಒರೆಸಿದರು. ಅಲ್ಲಿ ಕೊರೆದಿದ್ದ ಅಳತೆಯನ್ನು ನಾನು ಓದಿದೆ. ಟೊಪ್ಪಿಗೆಯ ಮೇಲಿನದಕ್ಕೂ ಅದಕ್ಕೂ ತಾಳೆಯಾಗಲಿಲ್ಲ. ನಮ್ಮ ಹಳೆಯ ಕಾರಿಗಿದ್ದದ್ದು ಹಿಂದಿನ ಕಾಲದ, ಒಂದೆರಡು ಮಿಲಿಮೀಟರ್ ಸಣ್ಣದಾದ ಗುಂಡು.

“ಹಂಗಾರ ಡಿಸೈನಂದು ತಪ್ಪಲ್ಲ,” ಎಂದರು ಮಾಮಾ, ತುಸು ಬೇಸರದಲ್ಲಿ.

“ನಿಮಗ ಬ್ಯಾಸರಾತೇನು?”

“ಸ್ವಲ್ಪ ಆತು,” ಎಂದು ನಕ್ಕರು.

ಮರುದಿನ ಇಬ್ಬರೂ ಆಲ್ಬರಿಗೆ ಹೋಗಿ ಸರಿಯಾದ ಅಳತೆಯ ಗುಂಡು ತಂದು ಬಿಗಿದೆವು. ಹಿಡಿಕೆ ಹಾಕಿದ ಮೇಲೆ ಟ್ರೇಲರಿನ ಮುಂದಿನ ಪುಟ್ಟ ಚಕ್ರವನ್ನು ಅದರ ಹಿಡಿ ತಿರುಗಿಸಿ ನೆಲಕ್ಕೆ ಒತ್ತುವಂತೆ ಇಳಿಸಿದೆ. ಕಾರಿನ ಹಿಂಭಾಗವೇ ಮೇಲೆದ್ದಿತು, ಟೊಪ್ಪಿಗೆ ಅಲುಗಲಿಲ್ಲ. ಈಗ ಹೊರಡುವ ಮುನ್ನ ಪ್ರತಿಸಲ ಹೀಗೆ ನೋಡುತ್ತೇನೆ.

ರಜೆ ಮುಗಿದು ಹೊರಡುವ ದಿನ ನಾನು ಟ್ರೇಲರ್ ಜೋಡಿಸಿ, ಚಹಾ ಕುಡಿದು, ಕಪ್ಪು ತೊಳೆದಿಟ್ಟರೂ ಮಾಮಾ ಇನ್ನೂ ಕಾರನ್ನು ಹಿಂದೆ ಮುಂದೆ ಮಾಡುತ್ತಲೇ ಇದ್ದರು. ಅವರ ಪಿನ್ನಿಗೆ ಎರಡೂ ತೂತು ಕೂದಲು ತಪ್ಪದಂತೆ ಎದುರುಬದುರಾಗಬೇಕು. ಅಕ್ಕ ಹಿಂದೆ ನಿಂತು, “ಎಡಕ್ಕ. ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕ,” ಎನ್ನುತ್ತ ಸೆರಗಿಲ್ಲದ್ದಕ್ಕೆ ಜಾಕೆಟಿನ ತುದಿಯನ್ನೇ ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಅದಾದ ಮೇಲೆ, ಹೋದ ವರ್ಷದ ಈಸ್ಟರಿನಲ್ಲಿ, ಮಾಮಾನ ಟ್ರೇಲರನ್ನು ಆ ಮಣ್ಣುದಾರಿಯಲ್ಲಿ ನಾನೇ ಓಡಿಸಿ ನೋಡಿದೆ. ತೆಗ್ಗಿನಲ್ಲಿ ಕಾರು ಒಂದು ಕಡೆ ವಾಲಿ, ಟ್ರೇಲರ್ ಇನ್ನೊಂದು ಕಡೆ ವಾಲಿದರೂ ಸದ್ದೇ ಇಲ್ಲ. ಕಾಡುದಾರಿಗೆ ಅದೇ ಸರಿ ಎಂದು ಅವರೆದುರೇ ಹೇಳಿದೆ. ಆ ಸಂಜೆ ಅವರು ನನ್ನ ಪಾಲಿಗೆ ಒಂದು ರೊಟ್ಟಿ ಹೆಚ್ಚೇ ಬಡಿಸಿದರು.