ದ್ರಾಕ್ಷಿ ಹಂಗಾಮಿನ ಪಾಳಿ

ನಾನು ಲಾರಿ ಕಂಪನಿಯ ಆಫೀಸಿನಲ್ಲಿ ಕೆಲಸಕ್ಕೆ ಕುಳಿತದ್ದು ಯಾರೂ ಯೋಚಿಸಿ ಮಾಡಿದ ಏರ್ಪಾಡಲ್ಲ. ಬಿ.ಕಾಂ. ಮುಗಿಸಿ ಸಾರವಾಡದ ನಮ್ಮ ಮನೆಯಲ್ಲಿದ್ದೆ. ವಿಜಾಪುರದಲ್ಲಿ ನನ್ನ ಸೋದರಮಾವನ ಸರಕು ಸಾಗಣೆಯ ಕಂಪನಿ ಇತ್ತು. ಅಲ್ಲಿದ್ದ ಗುಮಾಸ್ತ ಲಗ್ನ ಮಾಡಿಕೊಂಡು ಸೊಲ್ಲಾಪುರದ ಮಾವನ ಅಂಗಡಿಗೆ ಹೋಗಿ ಸೇರಿದ. ಇನ್ನೊಬ್ಬ ಸಿಗುವವರೆಗೆ ಎಂದು ಮಾಮಾ ನನ್ನನ್ನು ಕರೆಸಿಕೊಂಡರು. ಆಮೇಲೆ ಆ ಇನ್ನೊಬ್ಬನನ್ನು ಯಾರೂ ಹುಡುಕಲಿಲ್ಲ. ನಾನು ಮಾಮಾನ ಮನೆಯಲ್ಲೇ ಉಳಿದು ಎಪ್ಪತ್ತರ ದಶಕದ ಕೊನೆಯ ವರ್ಷಗಳನ್ನು ಆ ಆಫೀಸಿನಲ್ಲಿ ಕಳೆದೆ.

ಪತ್ರ, ರಸೀದಿಗಳ ಕೆಲಸ ಅರ್ಧ ದಿನದ್ದು. ಉಳಿದರ್ಧ ದಿನ ಹೋಗುತ್ತಿದ್ದುದು ಯಾವ ಲಾರಿಯ ಮೇಲೆ ಯಾವ ಡ್ರೈವರ್ ಹೋಗಬೇಕು ಎಂಬುದರಲ್ಲಿ. ನಾನು ಬರುವ ಮೊದಲು ಅದಕ್ಕೊಂದು ಕ್ರಮವೇ ಇರಲಿಲ್ಲ. ಲೋಡು ಸಿದ್ಧವಾದಾಗ ಅಂಗಳದಲ್ಲಿ ಯಾರು ಕಣ್ಣಿಗೆ ಬೀಳುತ್ತಾರೋ ಅವರನ್ನು ಮಾಮಾ ಕಳಿಸುತ್ತಿದ್ದರು. ಹಾಗಾಗಿ ಜಾಣ ಡ್ರೈವರ್‌ಗಳು ಅಂಗಳಕ್ಕೇ ಬರುತ್ತಿರಲಿಲ್ಲ. ಎದುರಿನ ಚಹಾದಂಗಡಿಯ ಹಿಂದೆ ಕೂತಿರುತ್ತಿದ್ದರು. ನಾನು ಗೋಡೆಗೆ ಒಂದು ಕರಿಹಲಗೆ ಹಾಕಿಸಿ, ಮುಂಬೈಗೆ ಯಾರು, ಹುಬ್ಬಳ್ಳಿಗೆ ಯಾರು, ಮನೆಯಲ್ಲಿ ಯಾರು ಎಂದು ಬರೆಯತೊಡಗಿದೆ. ಅದಕ್ಕೆ ಡ್ರೈವರ್‌ಗಳು ಪಾಳಿ ಹಲಗೆ ಎಂದರು. ಹುಡುಗಿಯೊಬ್ಬಳು ಬರೆದದ್ದನ್ನು ಕೇಳಬೇಕಲ್ಲ ಎಂದು ಕೆಲವರು ಗೊಣಗಿದರು. ಮನೆಗೆ ಯಾವಾಗ ಹೋಗುವುದು ಎಂದು ಮೊದಲೇ ಗೊತ್ತಾಗುವುದರ ಸುಖ ತಿಳಿದ ಮೇಲೆ ಗೊಣಗಾಟ ನಿಂತಿತು.

ಆ ಹೊತ್ತಿಗೆ ತಿಕೋಟಾ, ಬಿಜ್ಜರಗಿ ಕಡೆಯ ರೈತರು ಬಾವಿ ನೀರಿನ ಮೇಲೆ ದ್ರಾಕ್ಷಿ ಹಚ್ಚಿದ್ದರು. ಜೋಳವಾದರೆ ಲಾರಿ ಎರಡು ದಿನ ತಡವಾದರೂ ನಡೆಯುತ್ತದೆ, ದ್ರಾಕ್ಷಿ ಹಾಗಲ್ಲ. ಬೆಳಿಗ್ಗೆ ಕೊಯ್ದದ್ದನ್ನು ಕಟ್ಟಿಗೆಯ ಪೆಟ್ಟಿಗೆಗೆ ತುಂಬಿ ಇಳಿಹೊತ್ತಿಗೆ ಲಾರಿಗೇರಿಸಿದರೆ ಮರುದಿನ ಅದು ಮುಂಬೈ ಮಾರ್ಕೆಟ್ಟಿನಲ್ಲಿರಬೇಕು. ತೋಟದವರು ಇಡೀ ಹಂಗಾಮಿನ ಮಾಲು ನಮಗೇ ಕೊಡುತ್ತೇವೆ ಎಂದಾಗ ಮಾಮಾ ಹಿಗ್ಗಿ ಮೂರು ಹೊಸ ಲಾರಿ ತಂದರು. ಮಾಲೆ ಹಾಕಿ, ಕಾಯಿ ಒಡೆದು, ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿದರು.

"ಇವನ್ನ ಹೊಡ್ಯಾವ್ರು ಯಾರ್ರೀ ಮಾಮಾ?" ಎಂದು ಕೇಳಿದೆ.

"ಗಾಡಿ ಬಂದ್ರ ಡ್ರೈವರ್ ತಾವ ಬರ್ತಾರ ಬೇ. ಗಾಡಿ ಇಲ್ದ ಕುಂತಾವ್ರು ಊರ ತುಂಬ ಅದಾರ."

ಊರ ತುಂಬ ಇದ್ದವರು ಬರಲಿಲ್ಲ. ಭಾರಿ ವಾಹನದ ಲೈಸನ್ಸ್ ಇದ್ದವರಲ್ಲಿ ಹೆಚ್ಚಿನವರು ಸರಕಾರಿ ಬಸ್ಸಿಗೆ ಸೇರಿದ್ದರು. ಬಂದ ಒಬ್ಬಿಬ್ಬರನ್ನು ನಮ್ಮ ಉಸ್ತಾದರು ಪರೀಕ್ಷೆಗೆಂದು ಇಂಡಿ ರಸ್ತೆಯ ಮೇಲೆ ಸ್ವಲ್ಪ ದೂರ ಕರೆದುಕೊಂಡು ಹೋಗಿ, ಹೋದಷ್ಟೇ ಬೇಗ ವಾಪಸು ಕರೆತಂದರು.

ಉಸ್ತಾದರೆಂದರೆ ನಮ್ಮ ಕಂಪನಿಯ ಎಲ್ಲರಿಗಿಂತ ಹಿರಿಯ ಡ್ರೈವರ್. ನಿಡೋಣಿಯವರು. ಮಾಮಾ ಮೊದಲ ಲಾರಿ ತಂದಾಗ ಅದನ್ನು ಓಡಿಸಿದವರೇ ಅವರು. ಮುಂಬೈಗೆ ಯಾರಿಗಿಂತಲೂ ಬೇಗ ಮುಟ್ಟುತ್ತಾರೆ ಎಂಬ ಹೆಸರಿತ್ತು. ಹಂಗಾಮು ಶುರುವಾಗುವ ಮುಂಚೆ ಮಾಮಾ ಅವರನ್ನು ಕರೆದು, "ಇನ್ನ ಸ್ಟೇರಿಂಗ್ ಬಿಡ್ರಿ. ಆಫೀಸಿನ್ಯಾಗ ಕುಂತು ಡ್ರೈವರ್ ಮಂದೀನ ನೀವು ನೋಡ್ಕೋರಿ. ಈಕಿ ಬರ್ಕೋತಾಳ" ಎಂದರು.

ನನಗೆ ಸಿಟ್ಟು ಬಂತು. ನಾನು ಕಟ್ಟಿದ ಕ್ರಮವನ್ನು ಇನ್ನೊಬ್ಬರ ಕೈಗೆ ಕೊಟ್ಟರು ಅನ್ನಿಸಿತು. ಜೊತೆಗೆ, ಡ್ರೈವರ್‌ಗಳು ಕಡಿಮೆ ಇರುವಾಗ ಇದ್ದವರಲ್ಲೇ ಒಳ್ಳೆಯವರನ್ನು ತೆಗೆದು ಕುರ್ಚಿಯ ಮೇಲೆ ಕೂಡ್ರಿಸುವುದು ಯಾವ ಲೆಕ್ಕ ಎಂದೂ ಅನ್ನಿಸಿತು. ಅದನ್ನು ಮಾಮಾನಿಗೆ ಹೇಳಿದೆ. "ಅವ್ರ ಮಾತು ಎಲ್ಲಾರೂ ಕೇಳ್ತಾರ" ಎಂದಷ್ಟೇ ಹೇಳಿದರು. ಅದು ನಿಜವೂ ಆಗಿತ್ತು.

ಉಸ್ತಾದರು ಕುರ್ಚಿಯಲ್ಲಿ ಕೂರಲೇ ಇಲ್ಲ. ಬಾಗಿಲ ಹೊರಗಿನ ಕಟ್ಟಿಗೆಯ ಬಾಂಕಿನ ಮೇಲೆ ಕೂತು, ಒಳಗಿದ್ದ ನನಗೆ ಕೂಗಿ ಹೇಳುತ್ತಿದ್ದರು, "ತಂಗೆವ್ವ, ಅಂವನ್ನ ಹುಬ್ಬಳ್ಳಿಗಿ ಹಾಕು. ಅಂವಗ ಮುಂಬೈ ಘಾಟ್ ಆಗಿ ಬರೂದಿಲ್ಲ." ಯಾರಿಗೆ ಯಾವ ರಸ್ತೆ ಒಗ್ಗುತ್ತದೆ ಎಂಬುದರಲ್ಲಿ ಅವರು ತಪ್ಪುತ್ತಿರಲಿಲ್ಲ. ಆದರೆ ಎಷ್ಟು ಕೆಲಸ ಕೊಡಬೇಕು ಎಂಬಲ್ಲಿ ನಮ್ಮಿಬ್ಬರಿಗೆ ಜಗಳ. ಮುಂಬೈಯಿಂದ ಬಂದವನು ಒಂದು ದಿನ ಮನೆಯಲ್ಲಿ ಮಲಗಲಿ ಎಂದು ನಾನು. "ನಾ ಹೊಡೀತಿದ್ನಲ್ಲ? ಮುಂಜಾನೆ ಬಂದು ಸಂಜಿಗಿ ಮತ್ತ ಹೋಗ್ತಿದ್ದೆ" ಎಂದು ಅವರು.

ಅವರ ಮಗಳ ಗಂಡನೂ ನಮ್ಮಲ್ಲೇ ಡ್ರೈವರ್. ಮಿತಭಾಷಿ, ಕೆಲಸದಲ್ಲಿ ಅಚ್ಚುಕಟ್ಟು. ಹಂಗಾಮಿನ ಮೊದಲ ವಾರ ಅವನಿಗೆ ಹೊಸ ಲಾರಿ ಬಂತು. ಚಹಾದಂಗಡಿಯಲ್ಲಿ ಒಬ್ಬ, "ಮಾವ ಆಫೀಸಿನ್ಯಾಗ, ಅಳಿಯ ಹೊಸಾ ಗಾಡ್ಯಾಗ" ಎಂದನಂತೆ. ಆ ಮಾತು ಬಾಂಕಿನವರೆಗೆ ಬಂದು ಮುಟ್ಟಿತು. ಉಸ್ತಾದರು ಮರುದಿನವೇ ಅಳಿಯನನ್ನು ಹೊಸ ಲಾರಿಯಿಂದ ಇಳಿಸಿ, ಎಲ್ಲಕ್ಕಿಂತ ಹಳೆಯದರ ಮೇಲೆ ಹಾಕಿಸಿದರು. ಯಾರಾದರೂ ಜ್ವರವೆಂದರೆ ಅವನ ಬದಲಿಗೆ ಅಳಿಯ. ಯಾರ ಮನೆಯಲ್ಲಾದರೂ ಕಾರ್ಯವಿದ್ದರೆ ಅಳಿಯ. ಮುಂಬೈಯಿಂದ ಬೆಳಿಗ್ಗೆ ಬಂದವನನ್ನು ಅದೇ ಸಂಜೆ ತಿಕೋಟಾದ ಲೋಡಿನೊಂದಿಗೆ ಮತ್ತೆ ಮುಂಬೈಗೆ ಕಳಿಸುತ್ತಿದ್ದರೆ ಅವನೂ ಅಳಿಯನೇ.

"ಕಾಕಾ, ಇದು ಸರಿ ಅಲ್ಲರಿ. ಅವರಿಗೆ ಒಂದಿನಾನೂ ಬಿಡುವು ಇಲ್ಲ" ಎಂದೆ.

"ಅಂವ ನನ್ನ ಮನಿಯಾಂವ. ಅಂವಗ ಹೇಳಬೌದು, ಮಂದಿಗಿ ಹೇಳಾಕ ಬರೂದಿಲ್ಲ" ಎಂದು ಮುಖ ತಿರುಗಿಸಿದರು.

ಮಾಮಾನಿಗೆ ಹೇಳಿದರೆ, ಹಂಗಾಮು ಮುಗಿಯಲಿ ಎಂದರು. ಆ ಹಳೆಯ ಲಾರಿಯ ಕ್ಲೀನರ್ ಮಾತ್ರ ನನ್ನ ಹತ್ತಿರ ಬಂದು, ದಾರಿಯಲ್ಲಿ ತಾನು ನಿದ್ದೆ ಮಾಡುವುದನ್ನೇ ಬಿಟ್ಟಿರುವುದಾಗಿಯೂ, ಡ್ರೈವರನ ಜೊತೆ ಏನಾದರೊಂದು ಮಾತಾಡುತ್ತಲೇ ಇರುವುದಾಗಿಯೂ ಹೇಳಿದ.

ಒಂದು ಮಧ್ಯಾಹ್ನ ಉಸ್ತಾದರ ಮಗಳು ನಿಡೋಣಿಯಿಂದ ಬಂದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿಯ ಗಂಟು. ಅವಳ ಗಂಡ ಬೆಳಿಗ್ಗೆಯಷ್ಟೇ ಮುಂಬೈಯಿಂದ ಬಂದು, ಮನೆಗೂ ಹೋಗದೆ ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿಕೊಂಡು ಮಲಗಿದ್ದ. ಅವಳು ಅವನನ್ನು ಎಬ್ಬಿಸಲಿಲ್ಲ. ನೇರವಾಗಿ ಆಫೀಸಿನ ಬಾಗಿಲಿಗೆ ಬಂದು, ಹಲಗೆ ನೋಡಿ, ನನ್ನನ್ನು ಕೇಳಿದಳು, "ಅಕ್ಕಾರ, ಇವತ್ತ ಸಂಜಿಗಿ ಇವ್ರ ಪಾಳಿ ಐತೇನ್ರಿ?"

ನಾನು ಉಸ್ತಾದರ ಕಡೆ ನೋಡಿದೆ. ಅವರೇ ಹೇಳಿದರು, "ತಿಕೋಟಾದ್ದು ಐತಿ. ಯಾಕ?"

"ಮೊನ್ನಿ ಮನಿಗಿ ಬಂದಾಗ ಉಣ್ಣಾಕ ಕುಂತಾವ್ರು ಕೈಯಾಗ ರೊಟ್ಟಿ ಹಿಡ್ಕೊಂಡ ನಿದ್ದಿ ಹೋದ್ರು ಯಪ್ಪಾ. ಕೂಸು ಅತ್ರೂ ಎಚ್ಚರಾಗ್ಲಿಲ್ಲ. ಅವ್ರನ್ನ ಘಾಟಿನ ಮ್ಯಾಲ ಹೆಂಗ ಕಳಸ್ತಿ?"

"ಹಂಗಾಮು ಐತಿ. ಎಲ್ಲಾರೂ ದುಡ್ಯಾಕತ್ತಾರ."

"ಎಲ್ಲಾರಷ್ಟ ದುಡೀಲಿ. ಹೆಚ್ಚು ಯಾಕ? ನೀ ಅವ್ರ ಮಾವ ಅನ್ನೂದು ಅವ್ರ ತಪ್ಪೇನು?"

"ಮಂದಿ ಅಂತಾರವ್ವ."

"ಅಂದಾವ್ರು ನಾಳಿ ನನ್ನ ಮನಿ ನಡಸ್ತಾರೇನು?"

ಅವಳು ದನಿ ಏರಿಸಲಿಲ್ಲ. ಆದರೂ ಅಂಗಳದಲ್ಲಿದ್ದ ಡ್ರೈವರ್‌ಗಳಿಗೆಲ್ಲ ಕೇಳಿಸಿತು. ಉಸ್ತಾದರು ಬಾಂಕಿನಿಂದ ಎದ್ದು ಒಳಗೆ ಬಂದು, ಗೋಡೆಯ ಮೊಳೆಯಿಂದ ಹಳೆಯ ಲಾರಿಯ ಚಾವಿ ತೆಗೆದುಕೊಂಡರು. "ಅಂವನ ಹೆಸರ ಅಳಸು ತಂಗೆವ್ವ. ನನ್ನದ ಬರಿ" ಎಂದರು. ಮಗಳ ಕೈಯಿಂದ ಬುತ್ತಿ ಇಸಿದುಕೊಂಡು, ಅರ್ಧ ಅಳಿಯನಿಗೆ ಬಿಟ್ಟು, ಅರ್ಧ ತಾವು ಕಟ್ಟಿಕೊಂಡು ಕ್ಲೀನರನನ್ನು ಕರೆದು ಹೊರಟೇಬಿಟ್ಟರು.

ಮಾಮಾ ಬಂದವರು ಸಿಡಿಮಿಡಿಗೊಂಡರು. ಡ್ರೈವರ್‌ಗಳನ್ನು ನೋಡಿಕೊಳ್ಳುವವನೇ ಲಾರಿ ಹತ್ತಿ ಹೋದರೆ ನಾಳೆಯ ಗತಿಯೇನು ಎಂದರು. ನಾಳೆಯದಷ್ಟೇ ಅಲ್ಲ, ನಾಡಿದ್ದಿನ ಪಾಳಿಯೂ ಹೊಂದುವುದಿಲ್ಲ ಎಂದು ನಾನು ಹಲಗೆ ತೋರಿಸಿದೆ. ಎಲ್ಲ ತೋಟಗಳೂ ದಿನಾಲೂ ಕೊಯ್ದರೆ ದಿನಾಲೂ ಅಷ್ಟು ಲಾರಿ ಬೇಕು. ಅಷ್ಟು ಲಾರಿಗೆ ಡ್ರೈವರ್ ಇಲ್ಲ. ಡ್ರೈವರ್‌ಗಳನ್ನು ಹೆಚ್ಚು ಮಾಡಲಾಗದಿದ್ದರೆ ಕೊಯ್ಲನ್ನೇ ಹಂಚಬೇಕು. ಮಾಮಾ ಬಹಳ ಹೊತ್ತು ಹಲಗೆ ನೋಡಿದರು. "ತೋಟದಾವ್ರಿಗಿ ಇದನ್ನ ಯಾರು ಹೇಳ್ತಾರ? ನನಗಂತೂ ಬಾಯಿ ಬರೂದಿಲ್ಲ. ಹಂಗಾಮ ಪೂರಾ ಗಾಡಿ ಕೊಡ್ತೀನಿ ಅಂತ ಮಾತ ಕೊಟ್ಟೀನಿ" ಎಂದರು.

ಮರುದಿನ ಇಬ್ಬರೂ ತಿಕೋಟಾಕ್ಕೆ ಹೋದೆವು. ಒಂದು ತೋಟದ ಪ್ಯಾಕಿಂಗ್ ಚಪ್ಪರದ ಕೆಳಗೆ ಬಿಜ್ಜರಗಿಯವರನ್ನೂ ಕೂಡಿಸಿದ್ದರು. ಮಾಮಾ ಕೆಮ್ಮಿ, ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಕೊನೆಗೆ ನನ್ನತ್ತ ಕೈ ಮಾಡಿದರು. ನಾನು ಇದ್ದದ್ದನ್ನು ಹೇಳಿದೆ. ಒಂದು ದಿನ ತಿಕೋಟಾದವರು ಕೊಯ್ಯಲಿ, ಮರುದಿನ ಬಿಜ್ಜರಗಿಯವರು ಕೊಯ್ಯಲಿ. ಹಾಗಾದರೆ ಒಂದು ಲಾರಿಯೂ ತಪ್ಪದಂತೆ ಕಳಿಸುತ್ತೇವೆ. ಇಲ್ಲದಿದ್ದರೆ ಯಾವ ದಿನ ಯಾವ ತೋಟದ ಹಣ್ಣು ಉಳಿಯುತ್ತದೋ ನಮಗೇ ಗೊತ್ತಿಲ್ಲ.

ಗದ್ದಲವಾಯಿತು. ಗಂಡ ತೀರಿಕೊಂಡ ಮೇಲೆ ತಾವೇ ತೋಟ ನೋಡಿಕೊಳ್ಳುತ್ತಿದ್ದ ಬಿಜ್ಜರಗಿಯ ಹಿರಿಯ ಹೆಣ್ಣುಮಗಳೊಬ್ಬರು ಎಲ್ಲರನ್ನೂ ಸುಮ್ಮನಿರಿಸಿ ಕೇಳಿದರು, "ಹಣ್ಣು ನಿನ್ನ ಪಾಳಿ ನೋಡಿ ಹಣ್ಣಾಕ್ಕಾವೇನ್ ತಂಗಿ?"

"ಇಲ್ಲರೀ ಅಮ್ಮಾರ. ಆದ್ರ ಒಂದಿನ ಬಳ್ಳಿ ಮ್ಯಾಲ ಇದ್ರ ನಡೀತೈತಿ. ಪೆಟಗ್ಯಾಗ ಒಂದಿನ ಕುಂತ್ರ ನಡೆಯೂದಿಲ್ಲ. ಡ್ರೈವರ್ ನಿದ್ದಿಗಣ್ಣಾಗ ಹೊಂಟ್ರಂತೂ ಹಣ್ಣು ಮುಂಬೈ ನೋಡೂದ ಇಲ್ಲ."

ಅವರು ಯೋಚಿಸಿದರು. ಕೊಯ್ಯುವ ಆಳುಗಳಿಗೂ ಎರಡೂ ಊರಿನವರು ದಿನಾ ಕಿತ್ತಾಡುತ್ತಿದ್ದೇವೆ, ದಿನ ಬಿಟ್ಟು ದಿನ ಮಾಡಿದರೆ ಅವೇ ಹೆಣ್ಣಾಳುಗಳು ಎರಡೂ ಕಡೆ ಸಿಗುತ್ತಾರೆ ಎಂದರು. ಹಾಗೆಂದು, ಮೊದಲ ದಿನ ಬಿಜ್ಜರಗಿಗೇ ಬೇಕು ಎಂದು ಹಟ ಹಿಡಿದು ತೆಗೆದುಕೊಂಡರು. ತಿಕೋಟಾದ ಒಬ್ಬರು ಮಾತ್ರ ಒಪ್ಪದೆ ಬೇರೆ ಲಾರಿಯವರನ್ನು ಹಿಡಿದರು. ದೊಡ್ಡ ತೋಟ ಅದು.

ಉಸ್ತಾದರು ಮುಂಬೈಯಿಂದ ಬಂದದ್ದು ನಾವೆಣಿಸಿದ್ದಕ್ಕಿಂತ ತಡವಾಗಿ. ಮುಖ ತೊಳೆದು ಬಾಂಕಿನ ಮೇಲೆ ಕೂತು, ಕೇಳದೆಯೇ ಹೇಳಿದರು.

"ಘಾಟ್ ಹತ್ತೂ ಮೊದಲ ಗಾಡಿ ಬಾಜೂಕ ಹಚ್ಚಿ ಮಲ್ಗಿದೆ ತಂಗೆವ್ವ. ತಡ್ಯಾಕ ಆಗ್ಲಿಲ್ಲ. ಆಮ್ಯಾಲ ನೆನಪಾತು, ಮೊದ್ಲೂ ಹಂಗ ಮಾಡ್ತಿದ್ದೆ. ಬರೇ ಜಲ್ದಿ ಮುಟ್ಟಿದ್ದಷ್ಟ ನೆನಪಿತ್ತು ನೋಡು, ಮಲ್ಗಿದ್ದು ಮರ್ತಿದ್ದೆ."

ಹಾಗೆ ಹೇಳಿ, ತಮ್ಮನ್ನು ಮತ್ತೆ ಸ್ಟೇರಿಂಗಿಗೇ ಹಾಕಬೇಕೆಂದು ಮಾಮಾನನ್ನು ಕೇಳಿದರು. ಮಾಮಾ ಬೇಡವೆಂದರು. ನಾನು ನಡುವೆ ಬಾಯಿ ಹಾಕಿದೆ. ತಿಂಗಳಲ್ಲಿ ಕೆಲವು ಪಾಳಿ ಅವರೂ ಮುಂಬೈಗೆ ಹೋಗಲಿ, ಉಳಿದ ದಿನ ಇಲ್ಲಿರಲಿ. ಯಾರಿಗೆ ಯಾವ ರಸ್ತೆ ಎಂದು ಅವರು ಹೇಳಲಿ, ಯಾರಿಗೆ ಎಷ್ಟು ಬಿಡುವು ಎಂದು ನಾನು ಬರೆಯುತ್ತೇನೆ. ಅದನ್ನು ಯಾರೂ, ಮಾಮಾ ಕೂಡ, ತಿದ್ದಬಾರದು. ಮಾಮಾ ಉಸ್ತಾದರ ಮುಖ ನೋಡಿದರು. ಉಸ್ತಾದರು, "ಆಗ್ಲಿರಿ" ಎಂದರು. ಮಾಮಾನಿಗೂ ಬೇರೆ ದಾರಿ ಇರಲಿಲ್ಲ.

ಅಳಿಯನ ಪಾಳಿ ಎಲ್ಲರಷ್ಟೇ ಆಯಿತು. ಮೂರನೆಯ ಹೊಸ ಲಾರಿ ಆ ಹಂಗಾಮು ಮುಗಿಯುವವರೆಗೂ ಅಂಗಳದಲ್ಲೇ ನಿಂತಿತು. ನೋಡಿದಾಗಲೆಲ್ಲ ಮಾಮಾನಿಗೆ ಸಂಕಟ. ಕೊನೆಗೆ ಅದರ ಮೇಲೆ ತಾಡಪತ್ರಿ ಹೊದಿಸಿಬಿಟ್ಟರು.

ಬೇಸಿಗೆ ಕಳೆದ ಮೇಲೆ ಉಸ್ತಾದರು ಇಬ್ಬರು ಕ್ಲೀನರ್‌ಗಳಿಗೆ ಲಾರಿ ಕಲಿಸಲು ಶುರುಮಾಡಿದರು. ಮುಂಜಾನೆ ಬಬಲೇಶ್ವರದವರೆಗೆ ಖಾಲಿ ಲಾರಿ ಹೊಡೆಸಿಕೊಂಡು ಹೋಗಿ, ಅಲ್ಲಿ ಚಹಾ ಕುಡಿಸಿ ವಾಪಸು ಕರೆತರುತ್ತಿದ್ದರು. ಒಬ್ಬನಿಗೆ ಮನಸ್ಸು ನಿಲ್ಲಲಿಲ್ಲ. ಊರಿಗೆ ಹೋಗಿ ಅಣ್ಣತಮ್ಮಂದಿರ ಜೊತೆ ಕುರಿ ಕಾಯುವುದೇ ಚಲೋ ಎಂದು ಹೋದ. ಇನ್ನೊಬ್ಬ, ಹಿಂದೆ ನಿದ್ದೆಗೆಟ್ಟು ಅಳಿಯನನ್ನು ಮಾತಾಡಿಸುತ್ತಿದ್ದವನೇ, ಲೈಸನ್ಸ್ ತೆಗೆದುಕೊಂಡ. ಅವನ ಮೊದಲ ಮುಂಬೈ ಪಾಳಿಗೆ ಉಸ್ತಾದರು ಪಕ್ಕದಲ್ಲಿ ಕೂತು ಹೋಗಿ ಬಂದರು.

"ಹೆಂಗ ಹೊಡದಾನ್ರಿ ಕಾಕಾ?" ಎಂದು ಕೇಳಿದೆ.

"ಘಾಟಿನ್ಯಾಗ ಗೇರ್ ಬದಲಿ ಮಾಡೂದು ಇನ್ನಾ ಸ್ವಲ್ಪ ಕಲೀಬೇಕು. ದಣಿವಾದ್ರ ದಣಿವಾಗೇತಿ ಅಂತ ಹೇಳ್ತಾನ, ನಿಲ್ಲಸ್ತಾನ. ಚಲೋ ಅದಾನ."

ಮಾಮಾ ಅಲ್ಲೇ ನಿಂತಿದ್ದರು. ಒಬ್ಬ ತಯಾರಾದನಲ್ಲ, ಇನ್ನೊಂದು ಲಾರಿ ನೋಡಿ ಬರಲೇ ಎಂದು ಕೇಳಿದರು. ನಾನೂ ಉಸ್ತಾದರೂ ಒಟ್ಟಿಗೇ ಬೇಡವೆಂದೆವು. ಮಾಮಾ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ, ಟೊಪ್ಪಿಗೆ ಸರಿಮಾಡಿಕೊಂಡು ಮನೆಗೆ ಊಟಕ್ಕೆ ಹೋದರು.