ಇಪ್ಪತ್ತು ಅಡಿ ದೂರದ ಬಾಚಣಿಗೆ

ಬೆಳಗ್ಗೆ ಆರು ಗಂಟೆ. ತರಗತಿಯಲ್ಲಿ ರಜೆಯ ಧೂಳು ಇನ್ನೂ ಕೂತಿದೆ. ಆಕೆ ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ಹಗ್ಗ ಹಾಸಿ ಇಪ್ಪತ್ತು ಅಡಿ ಅಳೆಯುತ್ತಾರೆ. ಒಂದು ತುದಿಯಲ್ಲಿ ಸೀಮೆಸುಣ್ಣದಿಂದ ಎರಡು ಪುಟ್ಟ ಪಾದ ಬರೆಯುತ್ತಾರೆ. ಅಲ್ಲಿ ಮಗು, ಇಲ್ಲಿ ತಾವು. ಶಾಲೆ ಶುರುವಾಗಲು ಇನ್ನು ಐದೇ ದಿನ.

ಆರೋಗ್ಯ ಕೇಂದ್ರದ ಈ ನರ್ಸ್ ಮಕ್ಕಳ ಬಾಯಲ್ಲಿ ‘ಸೂಜಿಯಮ್ಮ’. ಇಪ್ಪತ್ತಾರು ವರ್ಷಗಳಿಂದ, ಶಾಲೆ ತೆರೆಯುವ ಮುನ್ನ ಮೂರು ಶಾಲೆಗಳ ಆರುನೂರಕ್ಕೂ ಹೆಚ್ಚು ಮಕ್ಕಳ ತೂಕ, ಹಲ್ಲು, ಕಿವಿ, ಕಣ್ಣು ನೋಡುತ್ತಾರೆ. ತಪ್ಪಿಹೋದ ಚುಚ್ಚುಮದ್ದು ಹಾಕುತ್ತಾರೆ. ದಿನಕ್ಕೆ ಅರವತ್ತು ಮಕ್ಕಳು. ಮಂಡಿ ಕೈಕೊಟ್ಟು ನಾಲ್ಕು ವರ್ಷವಾಯಿತು. “ಕೂತ್ರೆ ಏಳಕ್ಕಾಗಲ್ಲ, ಅದಕ್ಕೇ ಕೂರೋದೇ ಇಲ್ಲ” ಎಂದು ನಗುತ್ತಾರೆ.

ಕಣ್ಣಿನ ಪರೀಕ್ಷೆಗೆ ಗೋಡೆಯ ಪಟ ಇಲ್ಲ. ಕೈಯಲ್ಲಿ ಐದು ರಟ್ಟಿನ ಕಾರ್ಡು. ಒಂದೊಂದರಲ್ಲೂ ಮೂರು ಹಲ್ಲಿನ ಬಾಚಣಿಗೆಯಂಥ ಗುರುತು, ಒಂದಕ್ಕಿಂತ ಒಂದು ಚಿಕ್ಕದು. ಬೆನ್ನ ಹಿಂದೆ ತಿರುಗಿಸಿ ಎತ್ತಿ ಹಿಡಿಯುತ್ತಾರೆ. ಹಲ್ಲು ಯಾವ ಕಡೆಗಿದೆಯೋ ಮಗು ಆ ಕಡೆ ಕೈ ತೋರಿಸಬೇಕು.

“ಮೊದಲು ಅಕ್ಷರದ ಪಟ ಇತ್ತು. ಸಾಲಲ್ಲಿ ನಿಂತಿದ್ದ ಒಬ್ಬ ಹುಡುಗಿ ಮುಂದಿನವರು ಹೇಳಿದ್ದನ್ನ ಕೇಳಿ ಕೇಳಿ ಬಾಯಿಪಾಠ ಮಾಡ್ಕೊಂಡು ಪಟಪಟ ಅಂತ ಒಪ್ಪಿಸಿದ್ಲು. ನಾನು ‘ಕಣ್ಣು ಚೆನ್ನಾಗಿದೆ’ ಅಂತ ಬರೆದೆ. ಪಾಪ, ವರ್ಷವೆಲ್ಲಾ ದಡ್ಡಿ ಅನ್ನಿಸ್ಕೊಂಡ್ಲು. ಅವಳಿಗೆ ಬೋರ್ಡೇ ಕಾಣ್ತಿರ್ಲಿಲ್ಲ. ಬರೆದ ಕೈ ನಂದು ತಾನೆ?” ಇದನ್ನು ಹೇಳುವಾಗ ಅವರು, ಅವರ ಕೆಲಸ ನೋಡಿ ಬರೆಯಲು ಬಂದ ನನ್ನ ಮುಖ ನೋಡುವುದಿಲ್ಲ.

ಹತ್ತು ಗಂಟೆಗೆ, ಎರಡನೇ ತರಗತಿಗೆ ಹೋಗಲಿರುವ ಪುಟಾಣಿಯೊಬ್ಬಳು ಪಾದಗಳ ಮೇಲೆ ನಿಲ್ಲುತ್ತಾಳೆ. ಐದೂ ಕಾರ್ಡು ಸರಿ! ನಾನಾಗಿದ್ದರೆ ಭೇಷ್ ಎಂದು ಕಳಿಸಿಬಿಡುತ್ತಿದ್ದೆ. ಸೂಜಿಯಮ್ಮ ಮಾತ್ರ ಮಗುವಿನ ನೋಟದ ಜಾಡು ಹಿಡಿದು ಸರಕ್ಕನೆ ಹಿಂದೆ ತಿರುಗುತ್ತಾರೆ. ಅವರ ಬೆನ್ನ ಹಿಂದಿನ ಕಿಟಕಿಯಾಚೆ ಮಗುವಿನ ಅಕ್ಕ, ಬೆನ್ನ ಹಿಂದೆ ಕಾರ್ಡು ತಿರುಗಿಸುವಾಗಲೇ ನೋಡಿಕೊಂಡು, ಕೈಯೆತ್ತಿ ಇಳಿಸಿ ಕವಾಯತು ಮಾಡುತ್ತಿದ್ದಾಳೆ.

ಕಿಟಕಿ ಮುಚ್ಚುತ್ತಾರೆ. ಈ ಸಲ ಎರಡನೇ ಕಾರ್ಡಿಗೇ ಪುಟಾಣಿ ತಡವರಿಸುತ್ತಾಳೆ.

ಒಳಗೆ ಬಂದ ಅಕ್ಕನ ಕಣ್ಣಲ್ಲಿ ನೀರು. “ಕನ್ನಡಕ ಹಾಕಿದ್ರೆ ಎಲ್ಲರೂ ಆಡ್ಕೋತಾರೆ ನರ್ಸಮ್ಮ. ಸ್ಕೂಲಿಗೇ ಬರಲ್ಲ ಅಂತಾಳೆ.”

“ಬೈಯಲ್ಲ ಕಣೇ. ತಂಗಿ ಮೇಲಿನ ಪ್ರೀತಿಗೆ ಮಾಡಿದ್ದೀಯ. ಆದ್ರೆ ದಿನಾ ಅವಳ ಕ್ಲಾಸಿನ ಕಿಟಕೀಲಿ ನಿಂತು ಹೇಳಿಕೊಡಕ್ಕಾಗುತ್ತಾ?”

ಸಂಜೆ ತಾಯಿಯ ಮನವೊಲಿಸಿ, ಮರುದಿನ ಮಗುವನ್ನು ತಾವೇ ಬಸ್ಸಿನಲ್ಲಿ ಕಣ್ಣಾಸ್ಪತ್ರೆಗೆ ಕರೆದೊಯ್ಯುತ್ತಾರೆ. ಶಾಲೆ ತೆರೆಯುವಷ್ಟರಲ್ಲಿ ಕನ್ನಡಕ ಬರಲೇಬೇಕೆಂಬ ಹಟ. “ಮೊದಲ ದಿನವೇ ಕಾಣ್ಬೇಕು. ಹಿಂದೆ ಬಿದ್ದ ಮಗೂನ ಆಮೇಲೆ ಎಳ್ಕೊಂಡು ಬರೋದು ಕಷ್ಟ.” ಆರುನೂರು ಮಕ್ಕಳ ನಡುವೆ ಒಂದು ಮಗುವಿನ ಓರೆನೋಟ ಹಿಡಿದ ಈಕೆಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಇಷ್ಟು ಬೆರಗು ನನಗೆ ಯಾವ ಸನ್ಮಾನದ ವೇದಿಕೆಯ ಮುಂದೆಯೂ ಆದದ್ದಿಲ್ಲ.

ಶಾಲೆಯ ಮೊದಲ ದಿನ ಮತ್ತೆ ಹೋಗುತ್ತೇನೆ. ಸೀಮೆಸುಣ್ಣದ ಪಾದಗಳು ಇನ್ನೂ ಅಳಿಸಿಲ್ಲ. ನಿನ್ನೆಯಷ್ಟೇ ಬಂದ ಕನ್ನಡಕ ಏರಿಸಿಕೊಂಡು ಪುಟಾಣಿ ಅವುಗಳ ಮೇಲೆ ನಿಲ್ಲುತ್ತಾಳೆ. ಸೂಜಿಯಮ್ಮ ಇಪ್ಪತ್ತು ಅಡಿ ಆಚೆ ನಿಂತು ಅತಿ ಚಿಕ್ಕ ಕಾರ್ಡು ಎತ್ತಬೇಕು, ಅಷ್ಟರಲ್ಲಿ ಪುಟಾಣಿ ಕೂಗುತ್ತಾಳೆ:

“ನರ್ಸಮ್ಮ, ನಿಮ್ಮ ಗಲ್ಲದ ಮೇಲೆ ಮಚ್ಚೆ ಇದೆ!”

ಸೂಜಿಯಮ್ಮ ಗಲ್ಲ ಮುಟ್ಟಿಕೊಂಡು, ಕಾರ್ಡನ್ನು ತೋರಿಸದೆಯೇ ಚೀಲಕ್ಕೆ ಹಾಕುತ್ತಾರೆ.

“ಇದೆ ಕಣಮ್ಮ, ಹುಟ್ಟಿದಾಗಿಂದ್ಲೂ ಇದೆ. ಬೆಲ್ ಆಯ್ತು, ಕ್ಲಾಸಿಗೆ ಓಡು.”